ಚಂದ್ರನತ್ತ ಜಿಗಿಯುವವರ ಸಂಘ

ಅಕ್ಟೋಬರ್ ೨೫, ಶನಿವಾರ

ಜಪಾನಿನ ತ್ಸುಕುಬಾಕ್ಕೆ ಬಂದು ವಾರವಾಯಿತು. ಬೆಳಿಗ್ಗೆ ಸಿಂಧು ಸೈಕಲ್ ಹತ್ತಿ ಲ್ಯಾಬಿಗೆ ಹೊರಟಿದ್ದಳು. ಏಳು ತಿಂಗಳ ಬಸುರಿ, ಸೈಕಲ್! ಇವತ್ತು ರಜೆ ಅಲ್ಲವೇ ಎಂದರೆ ಏನೋ ಸ್ಯಾಂಪಲ್ ಕೆಟ್ಟುಹೋಗುತ್ತದಂತೆ. ನಾನು ಸೈಕಲ್ಲಿನ ಬೀಗದ ಕೈಯನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸಿಟ್ಟಿದ್ದೇನೆ, ಹುಡುಕಲಿ. ಮೂವತ್ತು ವರ್ಷ ಮೈಸೂರಿನ ಹೈಸ್ಕೂಲು ಹುಡುಗರಿಗೆ ಗಣಿತ ಹೇಳಿ ಬಂದವಳಿಗೆ ಒಬ್ಬ ಮಗಳನ್ನು ನಿಭಾಯಿಸುವುದು ದೊಡ್ಡದಲ್ಲ.

ಅಳಿಯ ನಿತಿನ್ ನಾಗೋಯಾ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದಾನೆ. ಪ್ರತಿ ಶನಿವಾರ ಬರುತ್ತೇನೆ ಎನ್ನುತ್ತಾನೆ, ಬರುವುದು ಮಾತ್ರ ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ. ಹಾಗಾಗಿ ಹೆರಿಗೆ, ಬಾಣಂತನ ಎಲ್ಲ ನನ್ನ ತಲೆಯ ಮೇಲೆ. ನಮ್ಮವರು ಮೈಸೂರಿನಲ್ಲಿ ಕೂತು ಫೋನಿನಲ್ಲಿ "ನೀನಿದ್ದೀಯಲ್ಲ, ಇನ್ನೇನು" ಎಂದು ಟಿವಿ ಸದ್ದು ಜಾಸ್ತಿ ಮಾಡುತ್ತಾರೆ.

ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಗಡ್ಡದ ಒಬ್ಬ ದಪ್ಪ ಮನುಷ್ಯ, ಕೈಯಲ್ಲಿ ಸಣ್ಣ ಪುಸ್ತಕ. ಎದುರಿಗೆ ಎಳೆ ಚಂದ್ರ. ಅವನು ಏನೋ ಓದಿಕೊಂಡ, ತುದಿಗಾಲಲ್ಲಿ ನಿಂತ, ಆಮೇಲೆ ಚಂದ್ರನ ಕಡೆಗೆ ಮೂರು ಸಲ ಜಿಗಿದ. ಅಷ್ಟಾದ ಮೇಲೆ ಒಂದು ಬೆಕ್ಕಿಗೆ ತಲೆಬಾಗಿ ಏನೋ ಹೇಳಿದ. ತಂಪುಪಾನೀಯದ ಮೆಷೀನಿಗೆ ಹೇಳಿದ. ಇನ್ನೊಬ್ಬರು ಬೇಕೆಂಬಂತೆ ಸುತ್ತ ನೋಡಿ, ತಲೆಯೆತ್ತಿ, ನನಗೂ ಹೇಳಿದ. ನಾನು ಒಳಗೆ ಬಂದು ಚಿಲಕ ಹಾಕಿದೆ.

"ಅಯ್ಯೋ ಅಮ್ಮ, ಅದು ಯೋನಾ ಸಾನ್. ಮೇಲ್ಗಡೆ ಮನೆಯವ್ರು. ರೇಷ್ಮೆ ಹುಳದ ಮೇಲೆ ರಿಸರ್ಚ್ ಮಾಡ್ತಾರೆ. ತುಂಬಾ ಒಳ್ಳೇವ್ರು" ಎಂದಳು ಸಿಂಧು. ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗಂತೆ.

"ಒಳ್ಳೇವ್ರು ಯಾಕೆ ಹಾರ್ತಾರೆ?"

"ನೀನೇ ಕೇಳು."

ಅಕ್ಟೋಬರ್ ೨೭

ಕೇಳಬೇಕಾಗಲಿಲ್ಲ. ಹೆದರಿಸಿದ್ದಕ್ಕೆ ಕ್ಷಮೆ ಕೇಳಲು ಅವರೇ ಪರ್ಸಿಮನ್ ಹಣ್ಣಿನ ಪೊಟ್ಟಣ ಹಿಡಿದು ಬಂದರು. ಬಾಗಿಲಲ್ಲೇ ಮೂರು ಸಲ ಬಾಗಿದರು. ಹನ್ನೆರಡು ವರ್ಷದಿಂದ ಈ ದೇಶದಲ್ಲಿದ್ದಾರಂತೆ, ಅದಕ್ಕೇ ಬೆನ್ನು ಅಷ್ಟು ಸಲೀಸಾಗಿ ಬಾಗುತ್ತದೆ. ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಯಹೂದಿಗಳು. ಇಂಗ್ಲಿಷಿನಲ್ಲೇ ಮಾತಾಡಿದೆವು.

ಅವರಲ್ಲಿ ತಿಂಗಳಿಗೊಮ್ಮೆ, ಹೊಸ ಚಂದ್ರ ಸ್ವಲ್ಪ ಬೆಳೆದ ಮೇಲೆ, ಬಯಲಲ್ಲಿ ನಿಂತು ಅವನನ್ನು ನೋಡಿ ದೇವರನ್ನು ಸ್ತುತಿಸಬೇಕಂತೆ. ಸಾಮಾನ್ಯವಾಗಿ ಶನಿವಾರ ಕತ್ತಲಾದ ಮೇಲೆ. ಜಿಗಿಯುವುದೂ ಅದರಲ್ಲಿದೆ. ನಾನು ಎಷ್ಟು ಹಾರಿದರೂ ನಿನ್ನನ್ನು ಹೇಗೆ ಮುಟ್ಟಲಾರೆನೋ, ಹಾಗೆಯೇ ನನಗೆ ಕೆಡುಕು ಬಯಸುವವರು ನನ್ನನ್ನು ಮುಟ್ಟದಿರಲಿ ಎಂದು. ಕೊನೆಗೆ ಮೂರು ಜನರಿಗೆ 'ಶಾಲೋಮ್ ಅಲೇಖೆಮ್' ಅನ್ನಬೇಕು, ನಿಮಗೆ ಶಾಂತಿ ಇರಲಿ ಅಂತ. ಅವರು ತಿರುಗಿ 'ಅಲೇಖೆಮ್ ಶಾಲೋಮ್' ಅನ್ನಬೇಕು.

"ಪ್ರಾರ್ಥನೆಗೆ ನಮ್ಮವರು ಹತ್ತು ಜನ ಸೇರಬೇಕೆಂದರೆ ಟೋಕಿಯೋಗೆ ಹೋಗಬೇಕು. ಶನಿವಾರ ಕತ್ತಲಾಗುವ ತನಕ ನಮಗೆ ಕೆಲಸ ನಿಷಿದ್ಧ, ನಾನು ಗಾಡಿ ಮುಟ್ಟುವ ಹಾಗಿಲ್ಲ. ಶಾಸ್ತ್ರ ಬರೆದವರು ತ್ಸುಕುಬಾವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ" ಎಂದರು.

"ಬೆಕ್ಕು ತಿರುಗಿ ಹೇಳಿತೇ?"

"ಇಲ್ಲ. ಮೆಷೀನು ಮಾತ್ರ ಅರಿಗಾತೋ, ಧನ್ಯವಾದ ಅಂದಿತು."

ನಮ್ಮಲ್ಲಿ ಚಂದ್ರನಿಲ್ಲದ ದಿನವೆಂದರೆ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ, ಪ್ರಯಾಣ ಹೊರಡುವುದಿಲ್ಲ ಎಂದೆ. ಅವರಿಗೆ ಆಶ್ಚರ್ಯ. ಅವರಿಗೆ ಅದು ಸಣ್ಣ ಹಬ್ಬ, ಹೆಂಗಸರಿಗೆ ಅವತ್ತು ಮನೆಗೆಲಸಕ್ಕೆ ರಜೆ ಕೊಡುವ ರೂಢಿಯಂತೆ. ಆ ಒಂದು ಅಂಶಕ್ಕೆ ನನ್ನ ಒಪ್ಪಿಗೆಯಿದೆ.

"ಚಂದ್ರ ಪೂರ್ತಿ ಹೋದ ಮೇಲೇ ನಮ್ಮ ತಿಂಗಳು ಶುರು. ನಾವೂ ಎಷ್ಟೋ ಸಲ ಪೂರ್ತಿ ಹೋದೆವು ಅನ್ನಿಸಿಕೊಂಡ ಜನ. ಅದಕ್ಕೇ ನಮಗೆ ಸೂರ್ಯನಿಗಿಂತ ಅವನ ಮೇಲೆ ಭರವಸೆ" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮ ದೀಪದ ಹಬ್ಬವೂ ಅಮಾವಾಸ್ಯೆಯೇ ಅಲ್ಲವೇ?"

"ಅದು ಬೇರೆ."

"ಹೇಗೆ ಬೇರೆ?"

"ಲಕ್ಷ್ಮೀಪೂಜೆ ಇರೋದ್ರಿಂದ ವಿನಾಯಿತಿ" ಎಂದೆ. ಮನುಷ್ಯ ಒಳ್ಳೆಯವನೇ, ಆದರೆ ವಾದ ಜಾಸ್ತಿ. ಹಣ್ಣು ಸಿಹಿಯಾಗಿತ್ತು.

ನವೆಂಬರ್ ೯, ಭಾನುವಾರ

ಬಡಾವಣೆಯ ಸಂಘದ ಅಧ್ಯಕ್ಷ ಕುರಾಮೊಚಿ ಸಾನ್ ಎಂಬ ಮುದುಕರು ಬಂದಿದ್ದರು. ಎಂಬತ್ತರ ಹತ್ತಿರ, ನೇಗಿಲಿನ ಹಾಗೆ ಗಟ್ಟಿ ಆಳು. ಬೆಳಿಗ್ಗೆ ಪಾರ್ಕಿನಲ್ಲಿ ರೇಡಿಯೋ ಹಾಕಿ ಎಲ್ಲರಿಂದ ಕಸರತ್ತು ಮಾಡಿಸುವವರು ಇವರೇ. ಯೋನಾ ಸಾನ್ ಜಿಗಿದದ್ದನ್ನು ಅವರೂ ತಮ್ಮ ತರಕಾರಿ ಮಡಿಯಿಂದ ನೋಡಿದ್ದಾರೆ. ಸಿಂಧುವಿಗೆ ಜಪಾನಿಯಲ್ಲಿ ಅರ್ಧ ಗಂಟೆ ಏನೋ ಹೇಳಿದರು. ಬೈಯುತ್ತಿದ್ದಾರೆಂದು ನಾನು ಅವರಿಗೆ ಕಾಫಿ ಕೊಡಲಿಲ್ಲ.

ಅವರು ಹೋದ ಮೇಲೆ ಸಿಂಧು ಸೋಫಾದ ಮೇಲೆ ಬಿದ್ದು ನಕ್ಕಳು. ಎರಡು ವರ್ಷದ ಮೇಲೆ ಹಾಗೆ ನಕ್ಕಿದ್ದು. ನಗಬೇಡ, ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದರೂ ಕೇಳಲಿಲ್ಲ.

"ಬೈಲಿಲ್ಲಮ್ಮ! ಒಬ್ರೇ ಜಿಗಿಯೋದು ಡೇಂಜರಸ್ ಅಂತೆ. ಬಿದ್ರೆ ನೋಡೋರಿಲ್ಲ. ಅದಕ್ಕೆ ಸಂಘದಿಂದ ಸೇಫ್ಟಿ ಕಮಿಟಿ ಮಾಡಿದ್ದಾರಂತೆ."

ಬೇಡ ಅನ್ನುವ ಬದಲು ಕಮಿಟಿ ಮಾಡುವ ಜನ ಇವರು.

ನವೆಂಬರ್ ೧೬

ಕೆಳಗೆ ಬೋರ್ಡ್ ಬಂದಿದೆ. ಚಿತ್ರದಲ್ಲಿ ಗಡ್ಡದ ಮೊಲವೊಂದು ಹಳದಿ ಚಂದ್ರನತ್ತ ಜಿಗಿಯುತ್ತಿದೆ. ಸಿಂಧು ಓದಿ ಹೇಳಿದಳು: ಚಂದ್ರನತ್ತ ಜಿಗಿಯುವವರು ಮೆತ್ತನೆಯ ಷೂ ಧರಿಸಿ. ಕಾರುಗಳಿಂದ ದೂರವಿರಿ. ಮೊಣಕಾಲು ನೋವಿರುವವರು ಕುರ್ಚಿಯಲ್ಲಿ ಕುಳಿತು ಕೈ ಎತ್ತಿದರೆ ಸಾಕು. ಮೋಡವಿದ್ದಲ್ಲಿ ಮುಂದಿನ ದಿನಕ್ಕೆ ಮುಂದೂಡಲಾಗುವುದು.

ಯೋನಾ ಸಾನ್ ಬೋರ್ಡಿನ ಮುಂದೆ ನಿಂತು ತುಂಬ ಹೊತ್ತು ಗಡ್ಡ ನೀವಿಕೊಳ್ಳುತ್ತಿದ್ದರು.

ನವೆಂಬರ್ ೨೦, ಅಮಾವಾಸ್ಯೆ

ಸಿಂಧುವನ್ನು ಹೊರಗೆ ಕಳಿಸಲಿಲ್ಲ. ನಾಳೆಯಿಂದ ಹೇಗೂ ಹೆರಿಗೆ ರಜೆ, ಒಂದು ದಿನ ಮುಂಚೆ ತೆಗೆದುಕೊಂಡರೆ ಲ್ಯಾಬ್ ಮುಳುಗುವುದಿಲ್ಲ. ಮುಖ ಊದಿಸಿಕೊಂಡು ಕೂತಳು. ಯೋನಾ ಸಾನ್ ಕೇಕ್ ಕೊಟ್ಟು "ಒಳ್ಳೆಯ ತಿಂಗಳಾಗಲಿ" ಎಂದರು. ಕೇಕನ್ನು ನಾಳೆ ತಿನ್ನೋಣವೆಂದು ಎತ್ತಿಟ್ಟೆ.

ನವೆಂಬರ್ ೨೭

ಆಸ್ಪತ್ರೆಗೆ ಹೋಗಿ ಬಂದೆವು. ಮಗು ಇನ್ನೂ ತಿರುಗಿಲ್ಲ. ತಲೆ ಮೇಲೆ, ಕಾಲು ಕೆಳಗೆ. ತಾನಾಗಿ ನೋವು ಬರುವ ತನಕ ಕಾಯುವುದು ಒಳ್ಳೆಯದಲ್ಲ, ಸಿಸೇರಿಯನ್ ಮಾಡೋಣ, ಡಿಸೆಂಬರ್ ಹತ್ತೊಂಬತ್ತು ಶುಕ್ರವಾರ ಅಂದರು ಡಾಕ್ಟರಮ್ಮ. ಸಿಂಧು ಸರಿ ಅಂದಳು. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಪಂಚಾಂಗ ನೋಡಿದೆ.

ಹತ್ತೊಂಬತ್ತು ಎಳ್ಳಮಾವಾಸ್ಯೆ. ಮೈಸೂರಿಗೆ ಫೋನ್ ಮಾಡಿ ಬಾಲಸುಬ್ರಹ್ಮಣ್ಯ ಜೋಯಿಸರನ್ನು ಕೇಳಿದೆ. ಜಪಾನಿನ ಲೆಕ್ಕದಲ್ಲಿ ಹತ್ತೊಂಬತ್ತರ ಬೆಳಿಗ್ಗೆಯಿಂದ ಇಪ್ಪತ್ತರ ಬೆಳಿಗ್ಗೆ ಹತ್ತು ಮುಕ್ಕಾಲಿನವರೆಗೆ ಅಮಾವಾಸ್ಯೆ. "ತಪ್ಪಿಸೋಕಾದ್ರೆ ತಪ್ಪಿಸಿ ತಾಯಿ. ಆಗ್ಲಿಲ್ಲ ಅಂದ್ರೆ ಶಾಂತಿ ಮಾಡಿಸೋಣ" ಎಂದರು.

ಶಾಂತಿಯ ಮಾತಲ್ಲ. ಎರಡು ವರ್ಷದ ಹಿಂದೆ ಇದೇ ಊರಿನಲ್ಲಿ, ಆರನೇ ತಿಂಗಳಲ್ಲಿ, ಸಿಂಧುವಿನ ಮೊದಲ ಮಗು ಹೋಯಿತು. ಆ ದಿನ ಅಮಾವಾಸ್ಯೆ. ಅವತ್ತು ರಾತ್ರಿಯೇ ನಾನು ಪಂಚಾಂಗ ತೆಗೆದು ನೋಡಿದ್ದೆ. ಯಾರಿಗೂ ಹೇಳಲಿಲ್ಲ, ನಮ್ಮವರಿಗೂ. ವಿಜ್ಞಾನ ಓದಿದ ಮಗಳಿಗೆ ಹೇಳಿದರೆ ನಗುತ್ತಾಳೆ, ಅಥವಾ ಅಳುತ್ತಾಳೆ. ಎರಡೂ ನನ್ನಿಂದ ನೋಡಲಾಗದು. ಭಯವಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆಂದು ಬರೆದೆ, ಆಗಲಿಲ್ಲ.

ನವೆಂಬರ್ ೨೯, ಶನಿವಾರ

ಇವತ್ತಿನದನ್ನು ಮೈಸೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕತ್ತಲಾಗುವ ಹೊತ್ತಿಗೆ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಜನ. ಎಲ್ಲರೂ ಅರವತ್ತು ದಾಟಿದವರು, ಎಲ್ಲರ ಎದೆಯ ಮೇಲೂ ಮಿನುಗುವ ಪಟ್ಟಿ. ಕುರಾಮೊಚಿ ಸಾನ್ ಕೈಯಲ್ಲಿ ಸೀಟಿ. ಒಂದು ಕಡೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇನ್ನೊಂದು ಕಡೆ ಬಿಸಿ ಚಹಾ. ಯೋನಾ ಸಾನ್ ಮೆಟ್ಟಿಲಿಳಿದು ಬಂದವರು ಇದನ್ನೆಲ್ಲ ನೋಡಿ ತಿರುಗಿ ಹತ್ತಲು ನೋಡಿದರು. ನಾನು ಅಡ್ಡ ನಿಂತೆ.

"ನನಗೆ ಬೇಕಿದ್ದದ್ದು ಮೂರು ಜನ" ಎಂದರು ಪಾಪ.

"ಬಂದೋರ್ನ ವಾಪಸ್ ಕಳಿಸ್ಬಾರ್ದು" ಎಂದು ಕನ್ನಡದಲ್ಲೇ ಹೇಳಿದೆ. ಅರ್ಥವಾದಂತಿತ್ತು.

ಅವರು ಓದಿದರು. ಎಲ್ಲರೂ ಶಾಲೆ ಮಕ್ಕಳಂತೆ ಸುಮ್ಮನೆ ನಿಂತಿದ್ದರು. ಆಮೇಲೆ ಸೀಟಿ. ಒಂದನೇ ಜಿಗಿತ. ಸೀಟಿ. ಎರಡನೆಯದು. ಅಷ್ಟರಲ್ಲಿ ಮೋಡ ಬಂದು ಚಂದ್ರ ಮುಚ್ಚಿಹೋದ. ಕುರಾಮೊಚಿ ಸಾನ್ ಕೈ ಎತ್ತಿ ಎಲ್ಲರನ್ನೂ ತಡೆದರು. ಮೋಡವಿದ್ದರೆ ಮುಂದೂಡಿಕೆ ಎಂದು ನಿಯಮ. ಆದರೆ ಎರಡು ಜಿಗಿತ ಇವತ್ತು, ಒಂದು ನಾಳೆ ಎಂದು ಮಾಡಬಹುದೇ, ಅಥವಾ ಮೂರನ್ನೂ ಮೊದಲಿಂದ ಮಾಡಬೇಕೇ? ಕಮಿಟಿಯವರು ಅಲ್ಲೇ ತಲೆ ಸೇರಿಸಿದರು. ಉಳಿದವರು ಮೊಣಕಾಲು ಅರ್ಧ ಬಗ್ಗಿಸಿಕೊಂಡು ಕಾದೆವು. ಯಾರೂ ಗೊಣಗಲಿಲ್ಲ. ಈ ದೇಶದಲ್ಲಿ ಅರ್ಧ ಬಗ್ಗಿ ಕಾಯುವುದು ಎಲ್ಲರಿಗೂ ಅಭ್ಯಾಸವಾಗಿದೆ.

ಹೌದು, ಬಗ್ಗಿ ನಿಂತವರಲ್ಲಿ ನಾನೂ ಇದ್ದೆ. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಿನುಗುವ ಪಟ್ಟಿ. ಮೇಲಿಂದ ಸಿಂಧು ವಿಡಿಯೋ ತೆಗೆಯುತ್ತಿದ್ದಳು.

ಮೋಡ ಸರಿಯಿತು. ಸೀಟಿ. ಜಿಗಿದೆ. ಆ ಹತ್ತೊಂಬತ್ತನೇ ತಾರೀಖು ನನ್ನ ಮಗಳನ್ನು ಮುಟ್ಟದಿರಲಿ ಎಂದುಕೊಂಡು ಜಿಗಿದೆ. ಎಡ ಮೊಣಕಾಲು ಈಗಲೂ ನೋಯುತ್ತಿದೆ.

ಆಮೇಲೆ ಶಾಂತಿ ಕೋರುವುದು. ಒಬ್ಬರು ಮೂವರಿಗೆ ಹೇಳಿದರೆ ಸಾಕೆಂದು ಯೋನಾ ಸಾನ್ ಎಷ್ಟು ಹೇಳಿದರೂ, ಮೂವರಿಗೆ ಹೇಳಿ ನಾಲ್ಕನೆಯವರನ್ನು ಬಿಡುವುದು ಮರ್ಯಾದೆಯಲ್ಲ ಎಂದು ಎಲ್ಲರೂ ಎಲ್ಲರಿಗೂ ಹೇಳತೊಡಗಿದರು. ಹೇಳಿದವರು ಬಾಗಬೇಕು, ಕೇಳಿಸಿಕೊಂಡವರು ಇನ್ನೂ ಕೆಳಗೆ ಬಾಗಬೇಕು, ಆಗ ಮೊದಲಿನವರು ಮತ್ತೆ ಬಾಗಬೇಕು. ಗಣಿತದ ಟೀಚರಾಗಿ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಇದು ಮುಗಿಯುವುದಿಲ್ಲವೆಂದು ಮೇಲೆ ಬಂದು ಅನ್ನಕ್ಕಿಟ್ಟೆ. ಊಟವಾದರೂ ಕೆಳಗಿನಿಂದ ಶಾಲೋಮ್ ಕೇಳಿಸುತ್ತಲೇ ಇತ್ತು.

ಡಿಸೆಂಬರ್ ೪

ಮಾಡಿಬಿಟ್ಟೆ.

ಮೊದಲು ಯೋನಾ ಸಾನ್ ಅವರನ್ನು, ಆಪರೇಷನ್ ದಿನ ಬದಲಾಯಿಸಲು ಆಸ್ಪತ್ರೆಗೆ ಜೊತೆಗೆ ಬನ್ನಿ ಎಂದೆ. ಅವರು ಎಲ್ಲ ಕೇಳಿ, "ನಿಮ್ಮ ಮಗಳಿಗೆ ಗೊತ್ತೇ?" ಎಂದರು. ಇಲ್ಲ ಎಂದೆ. "ಹಾಗಾದರೆ ನಾನು ಬರುವುದಿಲ್ಲ. ಸಿಟ್ಟಾಗಬೇಡಿ" ಎಂದರು. ಸಿಟ್ಟಾದೆ. ಕುರಾಮೊಚಿ ಸಾನ್ ಕಡೆ ಹೋದೆ. ಅವರು ಏನೂ ಕೇಳದೆ ಟೋಪಿ ಹಾಕಿಕೊಂಡರು. ಸಿಂಧುವಿಗೆ ಮೂಲಂಗಿ ತರಲು ಹೋಗುತ್ತೇವೆಂದು ಹೇಳಿದೆವು.

ಆಸ್ಪತ್ರೆಯಲ್ಲಿ ನಾನು ಹೇಳಿದ್ದನ್ನು ಕುರಾಮೊಚಿ ಸಾನ್ ಅವರ ಫೋನು ಜಪಾನಿಯಲ್ಲಿ ಹೇಳಿತು. ನಗುತ್ತಾರೆಂದುಕೊಂಡಿದ್ದೆ. ನರ್ಸಮ್ಮ ಗಂಭೀರವಾಗಿ ತಲೆಯಾಡಿಸಿ ತಮ್ಮದೇ ಕ್ಯಾಲೆಂಡರ್ ತೆಗೆದರು! ಇವರಲ್ಲೂ ಒಳ್ಳೆಯ ದಿನ, ಕೆಟ್ಟ ದಿನ ಎಂದು ಪ್ರತಿ ತಾರೀಖಿನ ಕೆಳಗೂ ಅಚ್ಚಾಗಿರುತ್ತದೆ. ಮದುವೆ, ಮನೆ ಪ್ರವೇಶ, ಆಸ್ಪತ್ರೆಯಿಂದ ಬಾಣಂತಿಯನ್ನು ಕಳಿಸುವುದು, ಎಲ್ಲಕ್ಕೂ ನೋಡುತ್ತಾರಂತೆ. ಇವರ ಪ್ರಕಾರ ಹತ್ತೊಂಬತ್ತು ಸಾಧಾರಣ. ಇಪ್ಪತ್ತು ಬಹಳ ಶ್ರೇಷ್ಠ, ಆದರೆ ಶನಿವಾರ, ಆಪರೇಷನ್ ಇಟ್ಟುಕೊಳ್ಳುವುದಿಲ್ಲ. ಸೋಮವಾರ ಇಪ್ಪತ್ತೆರಡು, ಬೆಳಿಗ್ಗೆ ಖಾಲಿ ಇದೆ. ಕುರಾಮೊಚಿ ಸಾನ್ ಮತ್ತು ನರ್ಸಮ್ಮ ಆ ಕ್ಯಾಲೆಂಡರಿನ ಮೇಲೆ ಬಗ್ಗಿ ನಮ್ಮ ಜೋಯಿಸರಂತೆಯೇ ಬೆರಳು ಮಡಿಸಿ ಎಣಿಸಿದರು. ನನಗೆ ತವರು ಮನೆಗೆ ಬಂದ ಹಾಗಾಯಿತು.

ಆದರೆ ಡಾಕ್ಟರಮ್ಮ ಬಂದು, ಒಪ್ಪಬೇಕಾದವಳು ಹೆರುವವಳು ಎಂದು ಸಿಂಧುವಿಗೆ ಫೋನ್ ಮಾಡಿಬಿಟ್ಟರು.

ಮನೆಗೆ ಬಂದಾಗ ಸಿಂಧು ಅಡುಗೆಮನೆಯಲ್ಲಿ ನಿಂತಿದ್ದಳು.

"ಮೂಲಂಗಿ ಎಲ್ಲಿ?"

ನಾನು ಖಾಲಿ ಚೀಲವನ್ನು ಮೇಜಿನ ಮೇಲಿಟ್ಟೆ.

"ಅಮ್ಮ, ನಾನು ಪೇಷಂಟ್. ನೀನಲ್ಲ. ಇದು ನನ್ನ ಬಾಡಿ. ನೀನು ಊರಿನ ಪ್ರೆಸಿಡೆಂಟ್‌ನ ಕರ್ಕೊಂಡು ಹೋಗಿ ನನ್ನ ಡೆಲಿವರಿ ಡೇಟ್ ಚೇಂಜ್ ಮಾಡಿಸ್ತೀಯಾ?"

"ನಿನ್ನ ಒಳ್ಳೇದಕ್ಕೇ ಕಣೇ. ನಿಂಗೊತ್ತಿಲ್ಲ, ಹೋದ ಸಲ..." ಎಂದವಳು ನಿಲ್ಲಿಸಿದೆ.

"ಹೋದ ಸಲಾನೂ ಅಮಾವಾಸ್ಯೆ" ಎಂದಳು ಸಿಂಧು. "ನಂಗೊತ್ತು. ಹಾಸ್ಪಿಟಲ್‌ನಿಂದ ಬಂದ ದಿನ ನಾನೂ ಫೋನಲ್ಲಿ ನೋಡ್ದೆ. ಎಲ್ಲಾನೂ ನೋಡ್ದೆ. ಏನ್ ತಿಂದೆ, ಯಾವ ದಿನ ಸೈಕಲ್ ಹೊಡ್ದೆ, ಯಾವ ದಿನ ಲ್ಯಾಬಲ್ಲಿ ಲೇಟಾಯ್ತು. ಒಂದು ಕಾರಣ ಸಿಕ್ರೆ ಸಾಕು ಅಂತ. ಸಿಗ್ಲಿಲ್ಲಮ್ಮ."

ನಾನು ಕುರ್ಚಿಯ ಮೇಲೆ ಕೂತೆ. ಅವಳು ನೀರು ಕೊಟ್ಟಳು. ಕೊಟ್ಟು, "ಇಪ್ಪತ್ತೆರಡಕ್ಕೆ ಓಕೆ ಅಂದಿದ್ದೀನಿ. ನಿಂಗೋಸ್ಕರ. ಮಧ್ಯದಲ್ಲಿ ಪೇನ್ ಬರ್ದೇ ಇದ್ರೆ ಪ್ರಾಬ್ಲಮ್ ಇಲ್ಲ ಅಂದ್ರು ಡಾಕ್ಟರ್" ಎಂದಳು.

ಗೆದ್ದೆನೆಂದು ಸಂತೋಷವಾಗಬೇಕಿತ್ತು.

ಡಿಸೆಂಬರ್ ೫

ಮೂಲಂಗಿ ತಂದೆ. ಹುಳಿ ಮಾಡಿದೆ. ಇಬ್ಬರೂ ತಿಂದೆವು.

ಡಿಸೆಂಬರ್ ೧೬

ಯೋನಾ ಸಾನ್ ಮನೆಯ ಕಿಟಕಿಯಲ್ಲಿ ಭಾನುವಾರದಿಂದ ದಿನಕ್ಕೊಂದು ಹೆಚ್ಚು ದೀಪ. ಅವರ ಹಬ್ಬ, ಎಂಟು ದಿನ. ಸಿಟ್ಟು ಬಿಟ್ಟು ಚಕ್ಕುಲಿ ತೆಗೆದುಕೊಂಡು ಹೋದೆ. ಈ ಹಬ್ಬದ ಮಧ್ಯದಲ್ಲೇ ಅಮಾವಾಸ್ಯೆ ಬೀಳುತ್ತದೆ, ಹಾಗೆ ಬೀಳುವ ಹಬ್ಬ ನಮ್ಮಲ್ಲಿ ಇದೊಂದೇ ಎಂದರು. ಚಂದ್ರ ಸಣ್ಣಗಾಗುತ್ತಾ ಹೋಗುವ ದಿನಗಳಲ್ಲಿ ಕಿಟಕಿಯಲ್ಲಿ ದೀಪ ಜಾಸ್ತಿಯಾಗುತ್ತಾ ಹೋಗುತ್ತದೆ.

ಆಮೇಲೆ ಒಂದು ವಿಷಯ ಹೇಳಿದರು. ಚಂದ್ರನಿಗೆ ಹೇಳುವ ಆ ಸ್ತುತಿಯಲ್ಲಿ, ಹೊಟ್ಟೆಯಲ್ಲಿದ್ದಾಗಿನಿಂದ ಹೊರಲ್ಪಟ್ಟವರು ಎಂಬ ಮಾತು ಬರುತ್ತದಂತೆ. ದೇವರು ಯಾರನ್ನು ಬಸಿರಲ್ಲಿದ್ದಾಗಿನಿಂದ ಹೊತ್ತಿದ್ದಾನೋ ಅವರು ಚಂದ್ರನ ಹಾಗೆ ಮತ್ತೆ ಹೊಸತಾಗುತ್ತಾರೆ ಎಂದು. "ಹೋದ ತಿಂಗಳು ಅದನ್ನು ಓದುವಾಗ ಮೇಲೆ ನಿಮ್ಮ ಬಾಲ್ಕನಿ ಕಡೆ ನೋಡಿದೆ. ಇಷ್ಟು ವರ್ಷ ಓದಿದ್ದೇನೆ, ಯಾರ ಕಡೆ ನೋಡಬೇಕೆಂದು ಗೊತ್ತಿರಲಿಲ್ಲ" ಎಂದರು.

ಚಕ್ಕುಲಿಗೆ ಉಪ್ಪು ಕಡಿಮೆಯಾಗಿದೆಯೇ ಎಂದು ಕೇಳಿದೆ.

ಡಿಸೆಂಬರ್ ೧೯, ಎಳ್ಳಮಾವಾಸ್ಯೆ

ದಿನವೆಲ್ಲ ಏನೂ ಆಗಲಿಲ್ಲ. ಸಿಂಧು ನಿದ್ದೆ ಮಾಡಿದಳು, ಮೊಸರನ್ನ ತಿಂದಳು, ಮತ್ತೆ ನಿದ್ದೆ ಮಾಡಿದಳು. ನಿತಿನ್‌ಗೆ ಕಂಪನಿಯ ವರ್ಷಾಂತ್ಯದ ಊಟವಂತೆ, ನಾಳೆ ಬೆಳಿಗ್ಗೆ ಹೊರಟು ಬರುತ್ತಾನೆ. ನಾನು ಸಿಂಧುವನ್ನು ಮೆಟ್ಟಿಲಿನ ಹತ್ತಿರಕ್ಕೂ ಬಿಡಲಿಲ್ಲ.

ಕತ್ತಲಾಗಿದೆ. ನಾಳೆ ಹತ್ತು ಮುಕ್ಕಾಲು ಆದರೆ ಆಯಿತು. ದಾಟಿಬಿಟ್ಟೆವು.

ಡಿಸೆಂಬರ್ ೨೦

ಆಸ್ಪತ್ರೆ. ಸಿಂಧು ಒಳಗಿದ್ದಾಳೆ. ಬಾಗಿಲು ಮುಚ್ಚಿದ್ದಾರೆ.

ನಿನ್ನೆಯೇ ಮಾಡಬೇಕಿತ್ತು ಅವರು. ನಿನ್ನೆಯೇ. ನಾನು

ಡಿಸೆಂಬರ್ ೨೧, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ಸಿಂಧು ದೋಸೆ ಮುರಿದವಳು ಹಾಗೇ ನಿಂತು "ಅಮ್ಮ" ಎಂದಳು. ಕೆಳಗೆಲ್ಲ ನೀರು. ಅವಳೇ ಆಸ್ಪತ್ರೆಗೆ ಫೋನ್ ಮಾಡಿದಳು, ಧ್ವನಿ ನಡುಗಲಿಲ್ಲ. ಕಾಲು ಕೆಳಗಿರುವ ಮಗು, ನೀರು ಹೋದರೆ ಹೊಕ್ಕುಳಬಳ್ಳಿ ಜಾರಬಹುದು, ತಕ್ಷಣ ಬನ್ನಿ ಎಂದರು. ಟ್ಯಾಕ್ಸಿಗೆ ಮುಕ್ಕಾಲು ಗಂಟೆ ಎಂದರು. ಅವಳು ಆಂಬುಲೆನ್ಸಿಗೆ ಒತ್ತುವಷ್ಟರಲ್ಲಿ ನಾನು ಮೇಲೆ ಹೋಗಿ ಯೋನಾ ಸಾನ್ ಬಾಗಿಲು ಎರಡೂ ಕೈಯಲ್ಲಿ ಬಡಿಯುತ್ತಿದ್ದೆ.

ಅವರು ಪ್ರಾರ್ಥನೆಯ ಬಿಳಿ ಶಾಲು ಹೊದ್ದು ಬಂದರು. ಶನಿವಾರ. ದೀಪದ ಸ್ವಿಚ್ಚನ್ನೂ ಮುಟ್ಟದ ಮನುಷ್ಯ. ಅದರ ಮೇಲೆ ಅವರ ಹಬ್ಬ, ಅದರ ಮೇಲೆ ಅವರ ಹೊಸ ತಿಂಗಳು. ಇದೆಲ್ಲ ನನಗೆ ಹೊಳೆದದ್ದು ಅವರು ಕಾರಿನ ಕೀ ಕೈಗೆತ್ತಿಕೊಂಡ ಮೇಲೆ.

"ಇವತ್ತು ಶನಿವಾರ..." ಎಂದೆ.

"ಜೀವ ಮೊದಲು" ಎಂದರು. "ಇದು ನನ್ನ ಮಾತಲ್ಲ, ಶಾಸ್ತ್ರವೇ ಹೇಳಿದ್ದು. ನಡೆಯಿರಿ."

ಬೆಂಕಿಪೆಟ್ಟಿಗೆಯಂಥ ಆ ಕಾರಿನಲ್ಲಿ ಸಿಂಧು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಶಾಲು ಹೊದ್ದ ಯೋನಾ ಸಾನ್ ಪ್ರತಿ ಕೆಂಪು ದೀಪಕ್ಕೂ ನಿಂತರು, ಪ್ರತಿ ಸಲವೂ ನಾನು ಕನ್ನಡದಲ್ಲಿ ಬೈದೆ. ಆಸ್ಪತ್ರೆಯ ಬಾಗಿಲಲ್ಲಿ ನರ್ಸುಗಳು ಮಂಚ ಹಿಡಿದು ಕಾಯುತ್ತಿದ್ದರು. ಒಂದು ಮಾತಿಲ್ಲ, ಓಡಿದರು.

ಹೊರಗೆ ಕೂತೆ. ದಿನಾ ಹೇಳುವ ಸ್ತೋತ್ರ ಎರಡನೇ ಸಾಲಿಗೇ ಮರೆತುಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ಮರೆತೆ. ನಿನ್ನೆ ಎಲ್ಲ ಸರಿಯಾಗಿ, ಸಾವಧಾನವಾಗಿ, ಡಾಕ್ಟರಮ್ಮ ಹೇಳಿದ ಹೊತ್ತಿಗೆ ಮುಗಿದಿರುತ್ತಿತ್ತು. ನಾನು ತಪ್ಪಿಸಿದೆ. ಮಗಳು ನನಗೋಸ್ಕರ ಒಪ್ಪಿದಳು. ಅವಳಿಗೆ ಏನಾದರೂ ಆದರೆ ನಾನು ಬದುಕಿರಬಾರದು ಅನ್ನಿಸಿತು.

ಎದ್ದು ನಿಂತೆ. ಹಗಲು ಹೊತ್ತು, ಆಕಾಶದಲ್ಲಿ ಚಂದ್ರನೇ ಇಲ್ಲದ ದಿನ, ಎದುರಿಗೆ ಆಪರೇಷನ್ ಕೋಣೆಯ ಬಾಗಿಲು. ಅದರ ಕಡೆಗೇ ತಿರುಗಿ ಜಿಗಿದೆ. ಮೂರು ಸಲ ಎಂದು ನೆನಪಿರಲಿಲ್ಲ, ಜಿಗಿಯುತ್ತಲೇ ಇದ್ದೆ. ಒಬ್ಬ ನರ್ಸಮ್ಮ ಓಡಿ ಬಂದು ನನ್ನ ಕಾಲಿನ ಚಪ್ಪಲಿ ತೋರಿಸಿ "ಅಬುನಾಯ್, ಅಬುನಾಯ್" ಎಂದರು, ಜಾರುತ್ತೀರಿ ಅಂತ. ಬಗ್ಗಿ ಅವರೇ ಚಪ್ಪಲಿ ಬಿಚ್ಚಿದರು. ಬರಿಗಾಲಲ್ಲಿ ಜಿಗಿಯಬಹುದು ಎಂಬಂತೆ ಪಕ್ಕಕ್ಕೆ ಸರಿದು ನಿಂತರು.

ಆಮೇಲೆ ಒಳಗೆ ಮಗು ಅತ್ತಿತು.

ಹೆಣ್ಣು. ಸಿಂಧು ಚೆನ್ನಾಗಿದ್ದಾಳೆ. ಇದನ್ನೇ ಮೊದಲು ಬರೆಯಬೇಕಿತ್ತು. ಸಿಂಧು ಚೆನ್ನಾಗಿದ್ದಾಳೆ.

ನಿತಿನ್ ಮಧ್ಯಾಹ್ನ ಓಡಿ ಬಂದ. ಬರುವಾಗ ಆಸ್ಪತ್ರೆಯ ಮುಂದೆ ಕಂಡದ್ದನ್ನು ಅವನೇ ಹೇಳಿದ. ಯೋನಾ ಸಾನ್ ಕಾರು ಅಲ್ಲೇ ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು. ನಮ್ಮನ್ನು ಇಳಿಸಿದ ಮೇಲೆ ಜೀವಾಪಾಯ ಮುಗಿಯಿತು, ಶನಿವಾರ ಮತ್ತೆ ಶುರುವಾಯಿತು, ಅವರು ಎಂಜಿನ್ ಆರಿಸುವ ಹಾಗಿಲ್ಲ. ಆರಿಸಿ ಎಂದು ಇನ್ನೊಬ್ಬರಿಗೆ ಹೇಳುವ ಹಾಗೂ ಇಲ್ಲ. ಮೂರು ಗಂಟೆ ಹೊತ್ತು ಕಾರಿನ ಪಕ್ಕ ಶಾಲು ಹೊದ್ದು ನಿಂತು, ಬಂದ ವಾಚ್‌ಮನ್‌ಗಳಿಗೆಲ್ಲ "ಕಾರು ಓಡುತ್ತಿದೆ" ಎಂದಷ್ಟೇ ಹೇಳಿದ್ದಾರೆ. ಅವರು "ಹೌದು, ಓಡುತ್ತಿದೆ" ಎಂದು ಬಾಗಿ ಹೋಗಿದ್ದಾರೆ. ಕೊನೆಗೆ ನಿತಿನ್ ಆರಿಸಿದ. ಮಗು ಹುಟ್ಟಿತಂತೆ ಎಂದಾಗ ಆ ಮನುಷ್ಯ ವಾಚ್‌ಮನ್‌ನನ್ನು ತಬ್ಬಿಕೊಂಡು ಅತ್ತು, ಮನೆಗೆ ನಡೆದುಕೊಂಡೇ ಹೋದರಂತೆ. ಒಂದೂವರೆ ಗಂಟೆಯ ದಾರಿ, ಮೈ ಕೊರೆಯುವ ಚಳಿ. ಅವರಿಗೆ ಮೆಣಸಿನ ಸಾರು ಕಳಿಸಬೇಕು.

ಡಿಸೆಂಬರ್ ೨೪

ಮಗು ದಿನವೆಲ್ಲ ಮಲಗುತ್ತದೆ. ಮೂಗು ನಿತಿನ್‌ದು, ಹಟ ಯಾರದೆಂದು ಹೇಳಬೇಕಿಲ್ಲ.

ಕುರಾಮೊಚಿ ಸಾನ್ ನೋಡಲು ಬಂದು, ಸಂಘದ ಅತ್ಯಂತ ಕಿರಿಯ ಸದಸ್ಯೆಗೆ ಎಂದು ಅಂಗೈಯಗಲದ ಮಿನುಗುವ ಪಟ್ಟಿ ಕೊಟ್ಟು ಹೋದರು. ಸಿಂಧು ನಕ್ಕಳು, ಹೊಲಿಗೆ ನೋಯುತ್ತದೆಂದು ನಗು ತಡೆದಳು, ಮತ್ತೆ ನಕ್ಕಳು.

ಸಂಜೆ ನಮ್ಮವರು ಫೋನ್ ಮಾಡಿದರು. ಜೋಯಿಸರು ಪಕ್ಕದಲ್ಲೇ ಇದ್ದಾರೆ, ಮಾತಾಡು ಎಂದರು.

"ಜನನ ಕಾಲ ಹೇಳಿ ತಾಯಿ, ಜಾತಕ ಬರೀಬೇಕು" ಎಂದರು ಜೋಯಿಸರು. "ಹತ್ತು ಮುಕ್ಕಾಲಿಗೆ ಮುಂಚೇನೋ, ಆಮೇಲೋ?"

"ನೋಡ್ಲಿಲ್ಲ."

"ನೋಡ್ಲಿಲ್ವಾ? ನೀವಾ?"

"ನೋಡ್ಲಿಲ್ಲ ಜೋಯಿಸ್ರೇ."

"ಸುಮಾರಾಗಾದ್ರೂ ಹೇಳಿ. ಮುಂಚೆ ಆದ್ರೆ ಅಮಾವಾಸ್ಯೆ, ಶಾಂತಿ ಆಗ್ಬೇಕು. ಆಮೇಲಾದ್ರೆ ಏನೂ ತೊಂದ್ರೆ ಇಲ್ಲ."

"ಗೊತ್ತಿಲ್ಲ."

"ಆಸ್ಪತ್ರೆಯವ್ರು ಬರೆದಿರ್ತಾರೆ, ಕೇಳಿ" ಎಂದರು. ಆಗಲಿ ಎನ್ನಲಿಲ್ಲ. ಮಗುವಿಗೆ ಹಾಲಿನ ಹೊತ್ತಾಯಿತು ಎಂದು ಫೋನ್ ಇಟ್ಟೆ. ಆಪರೇಷನ್ ಕೋಣೆಯ ಬಾಗಿಲ ಮೇಲೆಯೇ ದೊಡ್ಡ ಗಡಿಯಾರ ಇದೆಯೆಂದು ನಿತಿನ್ ಹೇಳುತ್ತಾನೆ. ಇರಬಹುದು.

ಸಿಂಧು ಹಾಸಿಗೆಯ ಮೇಲೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು.

"ನಿಜವಾಗ್ಲೂ ನೋಡ್ಲಿಲ್ವಾ ಅಮ್ಮ?"

"ಇಲ್ಲ ಕಣೇ."

ಅವಳು ಮಗುವಿನ ಹೊದಿಕೆ ಸರಿಮಾಡಿದಳು. "ನಂಗೊತ್ತು. ಒಳಗೆ ಡಾಕ್ಟರ್ ಟೈಮ್ ಜೋರಾಗಿ ಹೇಳಿದ್ರು. ಹೇಳ್ಲಾ?"

"ಬೇಡ" ಎಂದೆ. "ಮಗು ಕೊಡು ಇಲ್ಲಿ."